ಯಾವ ಎಂ.ಎಸ್.?

ಇಂಗ್ಲಿಷಿನ ಕಾಗದಪತ್ರಗಳನ್ನು ಕನ್ನಡಕ್ಕೆ ತರುವುದು ನನ್ನ ವೃತ್ತಿ. ಮಂಗಳೂರು, ಉಡುಪಿಗಳ ನಡುವೆ ಅಂಥ ಕಾಗದಗಳಿಗೆ ಕೊರತೆಯಿಲ್ಲ. ಆಸ್ಪತ್ರೆಯ ವರದಿ, ಬ್ಯಾಂಕಿನ ಕರಾರು, ಟೆಂಡರ್ ಪ್ರಕಟಣೆ, ಕಾರ್ಖಾನೆಯ ಸುರಕ್ಷತಾ ಸೂಚನೆ, ಹೀಗೆ ಒಂದಲ್ಲ ಒಂದು ಮೇಜಿನ ಮೇಲೆ ಇದ್ದೇ ಇರುತ್ತದೆ. ಇವುಗಳಲ್ಲಿ ಕಷ್ಟ ಕೊಡುವುದು ಉದ್ದನೆಯ ವಾಕ್ಯಗಳಲ್ಲ. ಅವನ್ನು ಬಿಡಿಸಿ ಎರಡು ಮೂರು ವಾಕ್ಯ ಮಾಡಿದರೆ ಅರ್ಥ ನಿಲ್ಲುತ್ತದೆ. ಕಷ್ಟ ಕೊಡುವುದು ಸಂಕ್ಷೇಪಗಳು. ಅವುಗಳನ್ನು ಹುಡುಕಲು ಹೊರಟರೆ ಅರ್ಥ ಸಿಗುವುದಿಲ್ಲ ಎಂಬ ತೊಂದರೆಯಲ್ಲ, ಸಾಲುಗಟ್ಟಿ ಸಿಗುತ್ತವೆ ಎಂಬ ತೊಂದರೆ. ಅವುಗಳಲ್ಲಿ ನಾನು ಹೆಚ್ಚು ಎದುರಿಸಿದ್ದೂ ಹೆಚ್ಚು ಯೋಚಿಸಿದ್ದೂ ‘ಎಂ.ಎಸ್.’ ಎಂಬ ಎರಡಕ್ಷರವನ್ನು.

ಈ ಎರಡಕ್ಷರದ ವ್ಯಾಪ್ತಿಯನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ, ಉಡುಪಿಯಿಂದ ಮಂಗಳೂರಿಗೆ ಹೆದ್ದಾರಿಯಲ್ಲಿ ಬಂದರೆ ಸಾಕು. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭವಾದ ಮಣಿಪಾಲದಲ್ಲಿ ಎಂ.ಎಸ್. ಎಂದರೆ ಎಂ.ಬಿ.ಬಿ.ಎಸ್. ಮುಗಿಸಿದ ಮೇಲೆ ಮೂರು ವರ್ಷ ಓದಿ ಪಡೆಯುವ ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ಪದವಿ. ಸುರತ್ಕಲ್ಲಿನ ಎಂಜಿನಿಯರಿಂಗ್ ಸಂಸ್ಥೆಯಾದ ಎನ್.ಐ.ಟಿ.ಕೆ.ಯ ಹಾಸ್ಟೆಲಿನಲ್ಲಿ ಅದೇ ಎಂ.ಎಸ್. ಅಮೆರಿಕಕ್ಕೆ ಹೋಗಿ ಮಾಡುವ ವಿಜ್ಞಾನದ ಸ್ನಾತಕೋತ್ತರ ಪದವಿ, ಅಂದರೆ ನಮ್ಮ ವಿಶ್ವವಿದ್ಯಾಲಯಗಳು ಎಂ.ಎಸ್ಸಿ. ಎಂದು ಕರೆಯುವಂಥದು. ಅಲ್ಲಿಂದ ಸ್ವಲ್ಪ ಮುಂದೆ ಬಂದರೆ ಮಂಗಳೂರು ತೈಲ ಸಂಸ್ಕರಣಾಗಾರದಿಂದ ಹೊರಟ ಟ್ಯಾಂಕರುಗಳು ಎದುರಾಗುತ್ತವೆ. ಅವುಗಳ ಚಲನ್‌ನಲ್ಲಿ ಎಂ.ಎಸ್. ಎಂದರೆ ಮೋಟಾರ್ ಸ್ಪಿರಿಟ್, ಅಂದರೆ ಪೆಟ್ರೋಲ್. ಬೈಕಂಪಾಡಿಯ ವೆಲ್ಡಿಂಗ್ ಶೆಡ್ಡುಗಳಲ್ಲಿ ಅದು ಮೈಲ್ಡ್ ಸ್ಟೀಲ್. ಪಣಂಬೂರಿನ ಬಂದರಿಗೆ ಪ್ರವಾಸಿಗರನ್ನು ಹೊತ್ತು ಬರುವ ಹಡಗಿನ ಹೆಸರಿನ ಮುಂದೆ ಇದ್ದರೆ ಅದು ಮೋಟಾರ್ ಶಿಪ್. ಪೇಟೆಯೊಳಗಿನ ಕಂಪ್ಯೂಟರ್ ತರಬೇತಿ ಕೇಂದ್ರದ ಫಲಕದಲ್ಲಿ ಅದು ಮೈಕ್ರೋಸಾಫ್ಟ್. ಈ ದಾರಿಯಲ್ಲಿ ಯಾರೂ ಯಾರಿಗೂ ಅರ್ಥ ಕೇಳುವುದಿಲ್ಲ, ಯಾರಿಗೂ ಗೊಂದಲವಾಗುವುದಿಲ್ಲ.

ಏಕೆ ಗೊಂದಲವಾಗುವುದಿಲ್ಲ ಎಂಬ ಪ್ರಶ್ನೆಗೆ ‘ಸಂದರ್ಭದಿಂದ ತಿಳಿಯುತ್ತದೆ’ ಎಂದು ಉತ್ತರಿಸಿ ಮುಂದೆ ಹೋಗುವುದು ವಾಡಿಕೆ. ಆ ಉತ್ತರ ನನಗೆ ಸಾಕೆನಿಸುವುದಿಲ್ಲ. ಗಮನವಿಟ್ಟು ನೋಡಿದರೆ ಪ್ರತಿಯೊಂದು ಕಸುಬಿನಲ್ಲಿಯೂ ಎಂ.ಎಸ್. ಒಂಟಿಯಾಗಿ ಇರುವುದಿಲ್ಲ, ಅದಕ್ಕೆ ಎದುರಾಗಿ ಅಥವಾ ಜೊತೆಯಾಗಿ ಇನ್ನೊಂದು ಸಂಕ್ಷೇಪ ಇದ್ದೇ ಇರುತ್ತದೆ. ವೈದ್ಯಕೀಯ ಕಾಲೇಜಿನಲ್ಲಿ ಎಂ.ಎಸ್. ಎಂದರೆ ಎಂ.ಡಿ. ಅಲ್ಲದ್ದು. ಪೆಟ್ರೋಲ್ ಬಂಕಿನ ಲೆಕ್ಕದ ಪುಸ್ತಕದಲ್ಲಿ ಎಂ.ಎಸ್. ಎಂದರೆ ಎಚ್.ಎಸ್.ಡಿ. ಅಲ್ಲದ್ದು, ಅಂದರೆ ಡೀಸೆಲ್ ಅಲ್ಲದ್ದು. ವೆಲ್ಡಿಂಗ್ ಶೆಡ್ಡಿನಲ್ಲಿ ಎಂ.ಎಸ್. ಎಂದರೆ ಎಸ್.ಎಸ್. ಅಲ್ಲದ್ದು, ಬಂದರಿನಲ್ಲಿಯೂ ಎಂ.ಎಸ್. ಎಂದರೆ ಎಸ್.ಎಸ್. ಅಲ್ಲದ್ದು, ಆದರೆ ಶೆಡ್ಡಿನ ಎಸ್.ಎಸ್. ಸ್ಟೇನ್‌ಲೆಸ್ ಸ್ಟೀಲ್, ಬಂದರಿನ ಎಸ್.ಎಸ್. ಹಿಂದಿನ ಕಾಲದ ಹಬೆಯ ಹಡಗು. ಹೃದ್ರೋಗ ವಿಭಾಗದಲ್ಲಿ ಎಂ.ಎಸ್.ನ ಜೊತೆಗಾರ ಎಂ.ಆರ್.; ಮೊದಲನೆಯದು ಹೃದಯದ ಕವಾಟ ಕಿರಿದಾದದ್ದನ್ನು ಹೇಳುತ್ತದೆ, ಎರಡನೆಯದು ಅದೇ ಕವಾಟ ಸೋರುವುದನ್ನು. ಆ ಕಸುಬಿನವರು ಅಕ್ಷರಗಳನ್ನು ಓದುವುದಕ್ಕಿಂತ ಹೆಚ್ಚಾಗಿ, ಎರಡರಲ್ಲಿ ಯಾವುದು ಎಂಬುದನ್ನಷ್ಟೇ ನೋಡುತ್ತಾರೆ. ಅರ್ಥ ನಿಂತಿರುವುದು ಈ ನೆರೆಹೊರೆಯ ಮೇಲೆ. ಕಾಗದವೊಂದು ತನ್ನ ಕೋಣೆಯಿಂದ ಹೊರಗೆ ಬಂದಾಗ ಅಕ್ಷರಗಳು ಅದರ ಜೊತೆಗೇ ಬರುತ್ತವೆ, ನೆರೆಹೊರೆ ಮಾತ್ರ ಒಳಗೇ ಉಳಿಯುತ್ತದೆ.

ಉಕ್ಕಿನ ಎಂ.ಎಸ್. ಬಗ್ಗೆ ಕರಾವಳಿಯವರು ತುಸು ಹೆಚ್ಚು ತಿಳಿದಿರಬೇಕು, ಏಕೆಂದರೆ ಅದರ ಬೆಲೆ ತೆರುವವರು ನಾವೇ. ಶೇಕಡಾ 0.25ರಷ್ಟೋ ಅದಕ್ಕಿಂತ ಕಡಿಮೆಯೋ ಇಂಗಾಲವಿರುವ ಈ ಉಕ್ಕು ಸುಲಭವಾಗಿ ಬಾಗುತ್ತದೆ, ಸುಲಭವಾಗಿ ಬೆಸುಗೆಯಾಗುತ್ತದೆ, ಅಗ್ಗವಾಗಿ ಸಿಗುತ್ತದೆ. ಆದರೆ ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ, ಗಾಳಿಯಲ್ಲಿ ಸದಾ ಉಪ್ಪಿರುವ ಊರಿನಲ್ಲಿ ಬಣ್ಣವಿಲ್ಲದ ಎಂ.ಎಸ್. ಗೇಟು ಒಂದು ಮಳೆಗಾಲವನ್ನೂ ಮರ್ಯಾದೆಯಿಂದ ಕಳೆಯುವುದಿಲ್ಲ. ಅದಕ್ಕೇ ಮೊದಲು ರೆಡ್ ಆಕ್ಸೈಡ್, ಆಮೇಲೆ ಬಣ್ಣ. ಎಸ್.ಎಸ್. ಎಂದು ಹೇಳಿ ನಿಶ್ಚಿಂತರಾಗುವುದೂ ಇಲ್ಲಿ ಸಲ್ಲದು. ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಇದ್ದರೆ ಅದು ಸ್ಟೇನ್‌ಲೆಸ್ ಎನಿಸಿಕೊಳ್ಳುತ್ತದೆ. ಆದರೆ ಸಮುದ್ರದ ಬದಿಗೆ ಸಾಮಾನ್ಯ 304 ದರ್ಜೆ ಸಾಲದು, ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಸೇರಿದ 316 ಬೇಕು. ದರಪಟ್ಟಿಯಲ್ಲಿ ಇವೆರಡಕ್ಕೂ ಇರುವುದು ಒಂದೇ ಎಸ್.ಎಸ್. ಮನೆ ಕಟ್ಟಿಸುವವರು ದರಪಟ್ಟಿಯನ್ನು ಕನ್ನಡದಲ್ಲಿ ಬರೆಸಿಕೊಳ್ಳಲು ನನ್ನ ಬಳಿಗೆ ಬಂದಾಗ ನಾನು ಅಂಗಡಿಯವರಿಗೆ ಫೋನ್ ಮಾಡಿ ದರ್ಜೆಯನ್ನು ಕೇಳಿಯೇ ಬರೆಯುತ್ತೇನೆ. ಅದು ಅನುವಾದಕರ ಕೆಲಸವಲ್ಲ ಎಂದು ಹೇಳುವವರಿದ್ದಾರೆ. ನನ್ನ ಮಟ್ಟಿಗೆ ಅನುವಾದ ಎಂದರೆ ಅದೇ.

ಪೆಟ್ರೋಲಿಗೆ ‘ಮೋಟಾರ್ ಸ್ಪಿರಿಟ್’ ಎಂಬುದು ಬ್ರಿಟಿಷರ ಕಾಲದ ಹೆಸರು. ಮಾತಿನಲ್ಲಿ ಅದು ಎಂದೋ ಸತ್ತಿದೆ, ಕಾನೂನಿನಲ್ಲಿ ಮಾತ್ರ ಇನ್ನೂ ಜೀವಂತ. 2005ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಪೂರೈಕೆ ನಿಯಂತ್ರಣ ಆದೇಶದ ಹೆಸರಿನಲ್ಲಿಯೇ ಮೋಟಾರ್ ಸ್ಪಿರಿಟ್ ಮತ್ತು ಹೈಸ್ಪೀಡ್ ಡೀಸೆಲ್ ಎಂದಿದೆ. ಗ್ರಾಹಕರು ಬಾಯಿಂದ ಹೇಳದ ಹೆಸರು ರಸೀದಿಯಲ್ಲಿ ಉಳಿದಿರುವುದರಿಂದ ಆಗುವ ಹಾನಿ ದೊಡ್ಡದಲ್ಲ, ಹಾಗಾಗಿ ಅದನ್ನು ಇಲ್ಲಿಗೇ ಬಿಡುತ್ತೇನೆ.

ಹಾನಿ ದೊಡ್ಡದಾಗುವುದು ಆಸ್ಪತ್ರೆಯ ಕಾಗದಗಳಲ್ಲಿ. ನಮ್ಮ ನೆರೆಮನೆಯ ಮಹಿಳೆಯೊಬ್ಬರು ತಮ್ಮ ತಂಗಿಯ ಫೈಲನ್ನು ಹಿಡಿದುಕೊಂಡು ಬಂದಿದ್ದರು. “ಅಣ್ಣ, ಇದರಲ್ಲಿ ಎಂ.ಎಸ್. ಅಂತ ಮೂರು ಕಡೆ ಉಂಟು. ಮೊಬೈಲಿನಲ್ಲಿ ನೋಡಿದರೆ ನರದ ಕಾಯಿಲೆ, ಕೊನೆಗೆ ನಡೆಯಲಿಕ್ಕೂ ಆಗುವುದಿಲ್ಲ ಅಂತ ಬರ್ತದೆ. ಡಾಕ್ಟ್ರು ಹೃದಯದ್ದು ಅಂತ ಹೇಳಿದ್ದರಲ್ಲ?” ಎಂದು ಕೇಳಿದರು. ಎರಡು ರಾತ್ರಿ ಆ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ ಎಂಬುದು ಅವರ ಮುಖದಲ್ಲಿಯೇ ಕಾಣುತ್ತಿತ್ತು.

ಫೈಲಿನಲ್ಲಿದ್ದ ಮೂರೂ ಬೇರೆ ಬೇರೆ. ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯಾದ ಎಕೋದ ವರದಿಯಲ್ಲಿದ್ದದ್ದು ಮೈಟ್ರಲ್ ಸ್ಟೆನೋಸಿಸ್. ಹೃದಯದ ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿಯ ನಡುವಿನ ಕವಾಟವು ಆರೋಗ್ಯವಂತರಲ್ಲಿ ನಾಲ್ಕರಿಂದ ಆರು ಚದರ ಸೆಂ.ಮೀ. ವಿಸ್ತೀರ್ಣಕ್ಕೆ ತೆರೆದುಕೊಳ್ಳುತ್ತದೆ, ಅದು ದಪ್ಪಗಾಗಿ, ಅಂಚುಗಳು ಕೂಡಿಕೊಂಡು, ಬಾಯಿ ಕಿರಿದಾಗುವುದೇ ಈ ಕಾಯಿಲೆ. ಚಿಕ್ಕಂದಿನಲ್ಲಿ ಗಂಟಲಿನ ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ಇದರ ಮುಖ್ಯ ಕಾರಣ, ಆದ್ದರಿಂದ ನಮ್ಮ ದೇಶದಲ್ಲಿ ಇದು ಅಪರೂಪವಲ್ಲ. ರಕ್ತ ಹಿಂದೆ ನಿಂತು ಶ್ವಾಸಕೋಶದ ಮೇಲೆ ಒತ್ತಡ ಬೀಳುವುದರಿಂದ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ. ಕವಾಟದ ಸ್ಥಿತಿ ಅನುಕೂಲವಾಗಿದ್ದರೆ ಬಲೂನಿನ ಮೂಲಕ ಅದನ್ನು ಅಗಲಿಸಬಹುದು, ಇಲ್ಲವಾದರೆ ಶಸ್ತ್ರಚಿಕಿತ್ಸೆ. ಎರಡನೆಯದು ಇ.ಸಿ.ಜಿ. ಹಾಳೆಯಲ್ಲಿ ಅಂಕೆಗಳ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿತವಾಗಿತ್ತು. ಅದು ಕಾಯಿಲೆಯೇ ಅಲ್ಲ, ಕಾಲದ ಅಳತೆ, ಮಿಲಿಸೆಕೆಂಡ್, ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು. ಹೃದಯದ ವಿದ್ಯುತ್ ಸಂಕೇತ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಹೇಳುವುದು. ಮೂರನೆಯದು ಕೊನೆಯ ಪುಟದಲ್ಲಿ ಶಸ್ತ್ರವೈದ್ಯರ ಸಹಿಯ ಕೆಳಗಿದ್ದ ಪದವಿ.

ಮೊಬೈಲಿನಲ್ಲಿ ಅವರಿಗೆ ಕಂಡದ್ದು ನಾಲ್ಕನೆಯ ಎಂ.ಎಸ್., ಫೈಲಿನಲ್ಲಿ ಎಲ್ಲಿಯೂ ಇಲ್ಲದ್ದು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಆ ಕಾಯಿಲೆಯನ್ನು ಫ್ರಾನ್ಸಿನ ಜ್ಯಾಂ ಮಾರ್ಟಿನ್ ಶಾರ್ಕೋ 1868ರಲ್ಲಿ ಸ್ಪಷ್ಟವಾಗಿ ವಿವರಿಸಿದರು. ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲಿನ ಮಯಲಿನ್ ಎಂಬ ಹೊದಿಕೆಯ ಮೇಲೆ ದೇಹದ ರಕ್ಷಣಾ ವ್ಯವಸ್ಥೆಯೇ ದಾಳಿ ಮಾಡುವುದು ಇದರ ಸ್ವರೂಪ. ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು, ಸಮಭಾಜಕ ವೃತ್ತದಿಂದ ದೂರದ ದೇಶಗಳಲ್ಲಿ ಹೆಚ್ಚು. ಯುರೋಪ್ ಮತ್ತು ಅಮೆರಿಕಗಳಲ್ಲಿ ಜನರು ಎಂ.ಎಸ್. ಎಂದರೆ ಮೊದಲು ಇದನ್ನೇ ಅರ್ಥ ಮಾಡಿಕೊಳ್ಳುವುದರಿಂದ ಅಂತರ್ಜಾಲವೂ ಮೊದಲು ಇದನ್ನೇ ತೋರಿಸುತ್ತದೆ. ಕರಾವಳಿಯ ಹೆಣ್ಣುಮಗಳೊಬ್ಬಳ ಹೃದಯದ ವರದಿಗೆ ಉತ್ತರ ದೇಶಗಳ ಕಾಯಿಲೆಯೊಂದು ಹೀಗೆ ಬಂದು ಅಂಟಿಕೊಂಡಿತು. ಹೃದ್ರೋಗ ವಿಭಾಗದ ಒಳಗೆ ಆ ವರದಿ ಓದಿದ ಯಾರಿಗೂ ಕ್ಷಣಮಾತ್ರದ ಸಂದೇಹವೂ ಬಂದಿರಲಾರದು. ಬರೆದವರು ತಮ್ಮವರಿಗಾಗಿ ಬರೆದರು. ಮನೆಗೆ ಕೊಂಡುಹೋಗಿ ಓದಿದವರು ಬೇರೆಯವರು. ಇಂಥ ಭಯವನ್ನು ಜನರ ಅಜ್ಞಾನದ ಲೆಕ್ಕಕ್ಕೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಆ ಮಹಿಳೆ ಮಾಡಿದ್ದು ಎಚ್ಚರದ ಓದುಗರು ಮಾಡುವ ಕೆಲಸವನ್ನೇ: ತಿಳಿಯದ ಪದವನ್ನು ಗುರುತು ಹಾಕಿಕೊಂಡು ಹುಡುಕಿದರು.

ವೈದ್ಯಕೀಯ ಎಂ.ಎಸ್. ಅಷ್ಟಕ್ಕೇ ಮುಗಿಯುವುದಿಲ್ಲ. ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ರಕ್ತದ ಪರೀಕ್ಷೆಯ ಬಿಲ್ಲಿನಲ್ಲಿ ‘ಎಂ.ಎಸ್./ಎಂ.ಎಸ್.’ ಎಂದಿದ್ದರೆ ಅದು ಕಾಯಿಲೆಯಲ್ಲ, ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ ಪರೀಕ್ಷಾ ವಿಧಾನ. ಅಣುಗಳನ್ನು ಅವುಗಳ ತೂಕದ ಮೇಲೆ ಬೇರ್ಪಡಿಸುವ ಈ ವಿದ್ಯೆಯನ್ನು ಬೆಳೆಸಿದ ಫ್ರಾನ್ಸಿಸ್ ಆಸ್ಟನ್ ಅವರಿಗೆ 1922ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಆಸ್ಪತ್ರೆಯ ಆಡಳಿತ ಕಚೇರಿಯಲ್ಲಿ ಎಂ.ಎಸ್. ಎಂದರೆ ಮೆಡಿಕಲ್ ಸೂಪರಿಂಟೆಂಡೆಂಟ್, ಕೀಲುರೋಗ ವಿಭಾಗದಲ್ಲಿ ಬೆಳಗಿನ ಹೊತ್ತಿನ ಕೀಲು ಬಿಗಿತ.

ಇವೆಲ್ಲಕ್ಕಿಂತ ಗಂಭೀರವಾದದ್ದು ಔಷಧದ ಎಂ.ಎಸ್. ಇದು ಮಾರ್ಫಿನ್ ಸಲ್ಫೇಟ್ ಆಗಬಹುದು, ಮೆಗ್ನೀಸಿಯಂ ಸಲ್ಫೇಟ್ ಕೂಡ ಆಗಬಹುದು. ಒಂದು ತೀವ್ರ ನೋವಿಗೆ ಕೊಡುವ ಅಫೀಮು ವರ್ಗದ ಔಷಧ. ಇನ್ನೊಂದು, ಗರ್ಭಿಣಿಯರಲ್ಲಿ ರಕ್ತದೊತ್ತಡ ಏರಿ ಬರುವ ಎಕ್ಲಾಂಪ್ಸಿಯಾದ ಫಿಟ್ಸನ್ನು ತಡೆಯಲು ಕೊಡುವ ಲವಣ. ನಾನು ಮೊದಲು ಹೇಳಿದ ನೆರೆಹೊರೆಯ ರಕ್ಷಣೆ ಇಲ್ಲಿ ಒಡೆದುಹೋಗುತ್ತದೆ, ಏಕೆಂದರೆ ಎರಡೂ ಒಂದೇ ವಾರ್ಡಿನಲ್ಲಿ, ಕೆಲವೊಮ್ಮೆ ಒಂದೇ ಕಪಾಟಿನಲ್ಲಿ ಇರುತ್ತವೆ. ಅತಿಯಾದರೆ ಎರಡೂ ಉಸಿರಾಟವನ್ನು ಕುಂದಿಸುತ್ತವೆ, ಆದರೆ ಪ್ರತ್ಯೌಷಧ ಬೇರೆ ಬೇರೆ: ಮಾರ್ಫಿನ್‌ಗೆ ನಲಾಕ್ಸೋನ್, ಮೆಗ್ನೀಸಿಯಂಗೆ ಕ್ಯಾಲ್ಸಿಯಂ ಗ್ಲುಕೊನೇಟ್. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ 2004ರಲ್ಲಿ ಬಳಸಬಾರದ ಸಂಕ್ಷೇಪಗಳ ಪಟ್ಟಿಯೊಂದನ್ನು ಜಾರಿಗೆ ತಂದಾಗ ಅದರಲ್ಲಿ ಎಂ.ಎಸ್. ಸೇರಿತ್ತು, ಈ ಎರಡೂ ಔಷಧಗಳ ಹೆಸರನ್ನು ಪೂರ್ತಿಯಾಗಿಯೇ ಬರೆಯಬೇಕು ಎಂಬುದು ನಿಯಮ. ಅದೇ ಪಟ್ಟಿಯಲ್ಲಿ ಇನ್ಸುಲಿನ್ ಪ್ರಮಾಣದ ಜೊತೆ ಯೂನಿಟ್ ಎಂಬುದಕ್ಕೆ ಬರೆಯುವ ‘ಯು’ ಎಂಬ ಒಂದಕ್ಷರವೂ ಇದೆ. ಕೈಬರಹದಲ್ಲಿ ಅದು ಸೊನ್ನೆಯಂತೆ ಕಂಡರೆ ಪ್ರಮಾಣ ಹತ್ತು ಪಟ್ಟಾಗುತ್ತದೆ.

ಕನ್ನಡಕ್ಕೆ ಬಂದಾಗ ಈ ತೊಡಕು ಇನ್ನೂ ಒಂದು ಪಟ್ಟು ಹೆಚ್ಚುತ್ತದೆ. ಇಂಗ್ಲಿಷಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ, ಚುಕ್ಕೆ, ಓರೆಗೆರೆ ಇವೆಲ್ಲ ಅರ್ಥವನ್ನು ಬೇರ್ಪಡಿಸುವ ಕೆಲಸ ಮಾಡುತ್ತವೆ. ಎರಡೂ ಸಣ್ಣಕ್ಷರವಾದರೆ ಮಿಲಿಸೆಕೆಂಡ್. ಮೊದಲನೆಯದು ಸಣ್ಣದು, ಎರಡನೆಯದು ದೊಡ್ಡದಾದರೆ ಮಿಲಿಸೀಮೆನ್ಸ್, ವಿದ್ಯುತ್ ವಾಹಕತೆಯ ಅಳತೆ. ವರ್ನರ್ ಫಾನ್ ಸೀಮೆನ್ಸ್ ಹೆಸರಿನ ಈ ಮಾನಕ್ಕೆ ಅಂತರರಾಷ್ಟ್ರೀಯ ಒಪ್ಪಿಗೆ ದೊರೆತದ್ದು 1971ರಲ್ಲಿ. ಸಮುದ್ರದ ನೀರು ಸೆಂಟಿಮೀಟರಿಗೆ ಸುಮಾರು 50 ಮಿಲಿಸೀಮೆನ್ಸ್ ತೋರಿಸುತ್ತದೆ, ಆದ್ದರಿಂದ ಬೇಸಗೆಯಲ್ಲಿ ಅಳಿವೆಯ ಬದಿಯ ಬಾವಿಗೆ ಉಪ್ಪು ನುಗ್ಗಿದೆಯೇ ಎಂದು ತಿಳಿಯಲು ಇದೇ ಅಳತೆ. ಮೊದಲನೆಯದು ದೊಡ್ಡದು, ಎರಡನೆಯದು ಸಣ್ಣದಾದರೆ ಮಹಿಳೆಯ ಹೆಸರಿನ ಮುಂದಿನ ಗೌರವಸೂಚಕ; ಮದುವೆಯಾಗಿದೆಯೇ ಇಲ್ಲವೇ ಎಂಬುದನ್ನು ಹೇಳಬೇಕಾಗಿಲ್ಲದ ಈ ರೂಪವನ್ನು ಅಮೆರಿಕದ ಮ್ಯಾಸಚೂಸೆಟ್ಸ್‌ನ ಪತ್ರಿಕೆಯೊಂದು 1901ರಲ್ಲಿಯೇ ಸೂಚಿಸಿತ್ತು, ಬಳಕೆಗೆ ಬಂದದ್ದು 1970ರ ದಶಕದಲ್ಲಿ. ಶ್ರೀಮತಿ, ಕುಮಾರಿಗಳ ನಡುವೆ ನಮಗೆ ಅಂಥದೊಂದು ಇನ್ನೂ ನೆಲೆಗೊಂಡಿಲ್ಲ ಎಂಬುದು ಅರ್ಜಿ ನಮೂನೆಗಳನ್ನು ಅನುವಾದಿಸುವಾಗ ನನ್ನನ್ನು ಬಾಧಿಸುತ್ತದೆ. ನಡುವೆ ಓರೆಗೆರೆ ಬಂದರೆ ಭೌತಶಾಸ್ತ್ರದ ತರಗತಿಯಲ್ಲಿ ಸೆಕೆಂಡಿಗೆ ಇಷ್ಟು ಮೀಟರ್ ಎಂಬ ವೇಗ. ಟೆಂಡರಿನಲ್ಲಿ ಮೆಸರ್ಸ್, ಅಂದರೆ ಫ್ರೆಂಚಿನ ‘ಮೆಸ್ಯೂ’ ಎಂಬ ಬಹುವಚನದ ಸಂಬೋಧನೆ. ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಮಂಗಳೂರಿನಲ್ಲಿ ಸಾಲುಸಾಲಾಗಿ ಎದ್ದ ಕಾರ್ಖಾನೆಗಳು ‘ಇಂಥವರು ಮತ್ತು ಮಕ್ಕಳು’ ಎಂದು ಹೆಂಚಿನ ಮೇಲೆಯೇ ಹೆಸರು ಒತ್ತುತ್ತಿದ್ದವು. ವ್ಯಕ್ತಿಗಳ ಹೆಸರಿನ ಅಂಥ ಪಾಲುದಾರಿಕೆಗಳಿಗೆ ಮೆಸರ್ಸ್ ಒಪ್ಪುತ್ತದೆ. ಈಗ ಅದನ್ನು ಯಾವ ಮನುಷ್ಯರ ಹೆಸರೂ ಇಲ್ಲದ ಲಿಮಿಟೆಡ್ ಕಂಪೆನಿಗಳ ಮುಂದೆಯೂ ಹಚ್ಚುತ್ತಾರೆ.

ಇಷ್ಟೆಲ್ಲ ಭೇದಗಳು ಕನ್ನಡ ಲಿಪಿಯಲ್ಲಿ ‘ಎಂ.ಎಸ್.’ ಎಂದು ಬರೆದ ಕೂಡಲೇ ಅಳಿಸಿಹೋಗುತ್ತವೆ, ಏಕೆಂದರೆ ನಮ್ಮ ಅಕ್ಷರಗಳಲ್ಲಿ ದೊಡ್ಡದು ಸಣ್ಣದು ಎಂಬುದಿಲ್ಲ. ನಮ್ಮಲ್ಲಿ ಆ ಕೆಲಸ ಮಾಡುವುದು ಸ್ವರದ ಹ್ರಸ್ವ ದೀರ್ಘ. ‘ಮಿ.ಮೀ.’ ಎಂಬುದರಲ್ಲಿ ಮೊದಲಿನದು ಮಿಲಿ, ಎರಡನೆಯದು ಮೀಟರ್ ಎಂದು ಒಂದು ದೀರ್ಘದಿಂದಲೇ ತಿಳಿಯುತ್ತದೆ. ಹಾಗೆಯೇ ಮಿಲಿಸೆಕೆಂಡಿಗೆ ‘ಮಿ.ಸೆ.’, ಮಿಲಿಸೀಮೆನ್ಸಿಗೆ ‘ಮಿ.ಸೀ.’, ಮೆಸರ್ಸ್‌ಗೆ ಈಗಾಗಲೇ ರೂಢಿಯಲ್ಲಿರುವ ‘ಮೆ.’ ಎಂದು ಬರೆದರೆ ಇಂಗ್ಲಿಷಿಗಿಂತ ನಿಚ್ಚಳವಾದ ವ್ಯವಸ್ಥೆಯೇ ಸಿಗುತ್ತದೆ. ಅಕ್ಷರದ ಹೆಸರನ್ನು ಬರೆಯುವ ಬದಲು ಪದದ ಮೊದಲ ಅಕ್ಷರವನ್ನು ಬರೆಯುವುದೇ ಕನ್ನಡದ ಹಳೆಯ ಕ್ರಮ. ಲಗ್ನಪತ್ರಿಕೆಯ ಚಿ., ಸೌ., ಶಾಸನಗಳ ಚರ್ಚೆಯ ಕ್ರಿ.ಶ., ನಮ್ಮ ಜಿಲ್ಲೆಯ ದ.ಕ. ಎಲ್ಲವೂ ಹಾಗೆಯೇ ಹುಟ್ಟಿದವು. ಜಿಲ್ಲೆಗೆ ಇಂಗ್ಲಿಷಿನಲ್ಲಿ ಎಸ್.ಕೆ. ಎಂಬ ಹೆಸರಿದ್ದ ಕಾಲದವರು ಇಂದಿಗೂ ಇದ್ದಾರೆ; ಅವರಿಗೆ ಎಸ್.ಕೆ. ಎಂದರೆ ಸೌತ್ ಕೆನರಾ, ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಸದಸ್ಯರಿಗೆ ಎಸ್.ಕೆ. ಎಂದರೆ ಶ್ರೀ ಕ್ಷೇತ್ರ. ದ.ಕ. ಎಂದರೆ ಮಾತ್ರ ಇಬ್ಬರಿಗೂ ಒಂದೇ.

ಹೆಸರುಗಳ ಎಂ.ಎಸ್. ಅನ್ನು ನಾನು ಬಿಡಿಸಲು ಹೋಗುವುದಿಲ್ಲ, ಆದರೆ ಅವುಗಳ ಹಿಂದೆ ಏನಿದೆ ಎಂದು ತಿಳಿಯುವುದು ನನಗೆ ಇಷ್ಟ. ಸುಬ್ಬುಲಕ್ಷ್ಮಿಯವರ ಎಂ.ಎಸ್. ಮಧುರೈ ಷಣ್ಮುಖವಡಿವು, ಅಂದರೆ ಊರು ಮತ್ತು ವೀಣಾವಾದಕಿಯಾಗಿದ್ದ ತಾಯಿ. ಕೃಷಿ ವಿಜ್ಞಾನಿ ಸ್ವಾಮಿನಾಥನ್ ಅವರದು ಮಂಕೊಂಬು ಸಾಂಬಶಿವನ್, ಊರು ಮತ್ತು ತಂದೆ. ಧೋನಿಯದು ಮಹೇಂದ್ರ ಸಿಂಗ್, ಎರಡೂ ಅವರ ಹೆಸರೇ. ಮನೆತನವನ್ನು ತಾಯಿಯ ಕಡೆಯಿಂದ ಎಣಿಸುವ ಅಳಿಯಕಟ್ಟಿನ ನಾಡಿನಲ್ಲಿ ಬೆಳೆದ ನನಗೆ ತಾಯಿಯ ಹೆಸರು ಇನಿಶಿಯಲ್ ಆಗಿ ನಿಂತಿರುವುದು ಸಹಜವೆಂದೇ ತೋರುತ್ತದೆ.

ಈ ಎರಡಕ್ಷರದ ಅತ್ಯಂತ ಹಳೆಯ ಅರ್ಥಗಳಲ್ಲಿ ಒಂದು ಹಸ್ತಪ್ರತಿ. ಕೈಯಿಂದ ಬರೆದದ್ದು ಎಂಬ ಲ್ಯಾಟಿನ್ ಮಾತಿನಿಂದ ಬಂದ ಇದಕ್ಕೆ ಬಹುವಚನದಲ್ಲಿ ಕೊನೆಯ ಅಕ್ಷರವನ್ನು ಇಮ್ಮಡಿಸುತ್ತಾರೆ, ಹಾಗಾಗಿ ಹಸ್ತಪ್ರತಿಗಳು ಎಂದರೆ ಎಂ.ಎಸ್.ಎಸ್. ಉಡುಪಿಯ ಮಠಗಳಲ್ಲಿ ತಿಗಳಾರಿ ಲಿಪಿಯ ತಾಡವೋಲೆಗಳನ್ನು ನೋಡಿದವರಿಗೆ ಇಂಗ್ಲಿಷ್ ಸೂಚಿಗಳಲ್ಲಿರುವ ಈ ಎಂ.ಎಸ್. ಪರಿಚಿತ. ಗ್ರಂಥಸಂಪಾದಕರು ತೋರಿಸುವ ಶಿಸ್ತು ನನಗೆ ಎಲ್ಲ ಕಸುಬುಗಳಲ್ಲಿಯೂ ಬೇಕೆನಿಸುವಂಥದು. ಅವರು ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಒಂದಕ್ಕೆ ‘ಕ’, ಇನ್ನೊಂದಕ್ಕೆ ‘ಖ’, ಮತ್ತೊಂದಕ್ಕೆ ‘ಗ’ ಎಂದು ಗುರುತು ಕೊಡುತ್ತಾರೆ. ಆದರೆ ಹಾಗೆ ಕೊಡುವ ಮೊದಲು ಪೀಠಿಕೆಯಲ್ಲಿ ಪ್ರತಿಯೊಂದೂ ಎಲ್ಲಿಯದು, ಎಷ್ಟು ಗರಿಗಳದ್ದು, ಯಾವ ಸ್ಥಿತಿಯಲ್ಲಿದೆ ಎಂದು ವಿವರಿಸುತ್ತಾರೆ. ನೂರು ವರ್ಷ ಕಳೆದು ಪುಸ್ತಕ ತೆರೆದವರಿಗೂ ಆ ಒಂಟಿ ಅಕ್ಷರದ ಅರ್ಥ ಪುಸ್ತಕದೊಳಗೇ ಸಿಗುತ್ತದೆ.

ನನ್ನ ಕೆಲಸದಲ್ಲಿ ನಾನು ಅನುಸರಿಸುವುದು ಅದನ್ನೇ: ಮೊದಲ ಬಾರಿ ಪೂರ್ತಿ ಹೆಸರು, ಮತ್ತೆ ಬೇಕಾದರೆ ಕನ್ನಡದ ಸಂಕ್ಷೇಪ. ಪರಿಚಯದ ವೈದ್ಯರೊಬ್ಬರ ಬಳಿ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿಯೂ ಹೀಗೆ ಮಾಡಬಹುದಲ್ಲವೇ ಎಂದು ಕೇಳಿದ್ದೆ. ಹೊರರೋಗಿಗಳ ಸಾಲು ಬಾಗಿಲಾಚೆಗೂ ನಿಂತಿರುವಾಗ ಪೂರ್ತಿ ಬರೆಯುತ್ತ ಕುಳಿತುಕೊಳ್ಳಲು ಪುರುಸೊತ್ತು ಎಲ್ಲಿ ಎಂದು ಅವರು ಕೇಳಿದರು, ಮತ್ತು ಅದು ನ್ಯಾಯವಾದ ಮಾತು. ಆದರೆ ಈಗ ಅವರು ಬರೆಯುವುದು ಗಣಕದಲ್ಲಿ. ಎರಡಕ್ಷರ ಒತ್ತಿದರೆ ಪೂರ್ತಿ ಹೆಸರು ಮೂಡುವಂತೆ ಹೊಂದಿಸಲು ಒಮ್ಮೆ ಮಾತ್ರ ಶ್ರಮ ಬೇಕು. ಹೃದ್ರೋಗ ವಿಭಾಗದ ಗಣಕದಲ್ಲಿ ಅದು ಮೈಟ್ರಲ್ ಕವಾಟದ ಕಿರಿದಾಗುವಿಕೆ ಎಂದು ತೆರೆದುಕೊಳ್ಳಲಿ, ನರರೋಗ ವಿಭಾಗದಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು. ಒಂದು ಕೋಣೆಯೊಳಗೆ ಅರ್ಥ ಒಂದೇ ಇರುವುದರಿಂದ ಇದು ಸಾಧ್ಯ. ಹೆರಿಗೆ ವಾರ್ಡಿನ ಔಷಧದ ಚೀಟಿಯಲ್ಲಿ ಮಾತ್ರ ಈ ಅನುಕೂಲ ಇರಬಾರದು ಎಂದು ನಾನು ಹೇಳಿದೆ, ಅವರೂ ಒಪ್ಪಿದರು. ಅಲ್ಲಿ ಮೆಗ್ನೀಸಿಯಂ ಆಗಲಿ ಮಾರ್ಫಿನ್ ಆಗಲಿ, ಬರೆಯುವವರು ಪ್ರತಿಸಲವೂ ಪೂರ್ತಿ ಹೆಸರನ್ನು ತಾವೇ ಬರೆಯಬೇಕು.